ಹೆಸರು ಬೇಕೋ, ಉದ್ದು ಬೇಕೋ

ನಾನು ಏಳನೇ ಇಯತ್ತೆ ಮುಗಿಸಿದ ವರ್ಷ, ಏಪ್ರಿಲ್ ತಿಂಗಳ ಕೊನೆಯ ರವಿವಾರ ಬೆಳಿಗ್ಗೆ, ಬಸವಕಲ್ಯಾಣದ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡ ತನ್ನ ಹತ್ತನೆಯ ಆಟಗಾರ್ತಿಯಾಗಿ ನನ್ನನ್ನು ಆರಿಸಿತು. ಆರಿಸಿದವರಿಗೆ ಬೇಕಾಗಿದ್ದವಳು ನಾನಲ್ಲ.

ಆ ದಿನಗಳಲ್ಲಿ ಬೇಸಿಗೆ ರಜೆಯ ಮುಂಜಾವು ನಮಗೆ ಶಾಲೆಯ ಹಿಂದಿನ ಸಿಮೆಂಟ್ ಅಂಗಳದಲ್ಲೇ ಆಗುತ್ತಿತ್ತು. ಬೇವಿನ ಹೂ ಉದುರಿ ಅಂಗಳವೆಲ್ಲ ಕಹಿ ವಾಸನೆ. ಸುಣ್ಣದ ಗೆರೆ ನಾವೇ ಎಳೆಯುತ್ತಿದ್ದೆವು. ರಿಂಗಿಗೆ ಜಾಳಿಗೆ ಇರಲಿಲ್ಲ. ಉಳ್ಳಾಗಡ್ಡಿ ಚೀಲದ ತಳ ಕತ್ತರಿಸಿ ಕಟ್ಟಿದ್ದೆವು. ಚೆಂಡು ಅದರೊಳಗಿಂದ ಇಳಿದಾಗ ಒಂದೆರಡು ಒಣ ಸಿಪ್ಪೆಯೂ ಉದುರುತ್ತಿದ್ದವು. ಮಧ್ಯಾಹ್ನ ಮನೆಗೆ ಹೋದರೆ ಕೈಗೆ ರಬ್ಬರಿನ ವಾಸನೆ, ಆ ಕೈಯಲ್ಲೇ ಚುರುಮುರಿಯ ಸುಸಲಾ ತಿನ್ನುತ್ತಿದ್ದೆವು.

ನನ್ನ ಊರು ಘಾಟಬೋರಾಳ. ಕಲ್ಯಾಣದಲ್ಲಿ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದೆ. ಆ ಬೇಸಿಗೆ ಕಲ್ಯಾಣ ಮತ್ತು ಹುಮನಾಬಾದದ ಹುಡುಗಿಯರಿಗೆ ಆ ಅಂಗಳದಲ್ಲಿ ಒಂದೇ ಶಿಬಿರ ನಡೆದಿತ್ತು. ಶಿಬಿರ ಮುಗಿದ ಮೇಲೆ ಎರಡೂ ತಂಡಗಳು ತಮ್ಮ ತಮ್ಮ ಊರಲ್ಲಿ ಮೂರು ವಾರ ಅಭ್ಯಾಸ ಮಾಡಿ ಹುಮನಾಬಾದದಲ್ಲಿ ಒಂದು ಪಂದ್ಯ ಆಡಬೇಕು. ಎರಡರಲ್ಲೂ ಒಂಬತ್ತೊಂಬತ್ತು ಮಂದಿ ಭರ್ತಿಯಾಗಿದ್ದರು. ಉಳಿದವರು ಹಳ್ಳಿಗಳಿಂದ ಬಂದ ನಾವಿಬ್ಬರು: ನಾನು ಮತ್ತು ಹುಲಸೂರಿನ ನಾಗಮ್ಮ. ಒಬ್ಬೊಬ್ಬರು ಒಂದೊಂದು ತಂಡಕ್ಕೆ.

ನಾಗಮ್ಮ ಉದ್ದ. ನಾನು ಅವಳ ಮೊಣಕೈಗಿಂತ ಸ್ವಲ್ಪ ಮೇಲೆ.

ಅಂಗಳದ ಬದಿಯ ಕಟ್ಟೆಯ ಮೇಲೆ ದಿನಾ ಬಂದು ಕೂರುವ ಹಿರಿಯರಿದ್ದರು. ಅವರಲ್ಲಿ ಇಬ್ಬರದು ಮುಗಿಯದ ವಾದ. ಬಸ್ ಕಂಡಕ್ಟರ್ ಆಗಿ ನಿವೃತ್ತರಾಗಿದ್ದ ಶರಣಪ್ಪ ಕಾಕಾಗೆ ಕಲ್ಯಾಣ ತಂಡದ ಕೊರತೆ ಒಂದೇ, ರಿಂಗಿನ ಬುಡದಲ್ಲಿ ನಿಲ್ಲುವ ಉದ್ದನೆಯ ಹುಡುಗಿ. ಎತ್ತರ ಅಳೆಯಲು ಅವರ ಬಳಿ ಬಸ್ಸಿನ ಅಳತೆಯಿತ್ತು. ನಾಗಮ್ಮನ ಕೈಗೆ ಬಸ್ಸಿನ ಮೇಲಿನ ರಾಡ್ ಸಿಗುತ್ತದೆ, ನನ್ನ ಕೈಗೆ ಸಿಗುವುದಿಲ್ಲ, ಮಾತು ಮುಗಿಯಿತು. ಇಸ್ತ್ರಿ ಅಂಗಡಿಯ ಚಾಂದಪಾಶಾ ಚಾಚಾ ಒಪ್ಪುತ್ತಿರಲಿಲ್ಲ. ಚೆಂಡು ಹೊಡೆದುಕೊಂಡು ಮುಂದೆ ಒಯ್ಯುವವರೇ ತಂಡದಲ್ಲಿಲ್ಲ ಎಂಬುದು ಅವರ ತಕರಾರು.

“ಬುಡಕ ಒಬ್ಬಾಕಿ ಕಂಬದಂಗ ನಿಂತ್ರ ಚೆಂಡು ತಾನ ನಡಕೋತ ಬರ್ತದೇನು ಶರಣಪ್ಪಾ?”

“ನೀ ಇಸ್ತ್ರಿ ನೋಡ್ಕೋ ಚಾಚಾ. ಅಂಗಿ ಸುಡಾಕತ್ತದ.”

ನಾನು ಅಲ್ಲೇ ಗೆರೆಯ ಬಳಿ ಚೆಂಡು ಕುಟ್ಟುತ್ತ ಇದೆಲ್ಲ ಕೇಳುತ್ತಿದ್ದೆ. ಕಾಕಾ ಎಲ್ಲ ಹುಡುಗಿಯರನ್ನೂ ಹೆಸರು ಹಿಡಿದು ಮಾತಾಡುತ್ತಿದ್ದರು. ನನಗೆ ಮಾತ್ರ ‘ಘಾಟಬೋರಾಳದಾಕಿ’ ಎನ್ನುತ್ತಿದ್ದರು.

ಕಟ್ಟೆಯವರಿಗೆ ಗೊತ್ತಿಲ್ಲದ ಸಂಗತಿಯೊಂದು ಮನೆಯಲ್ಲಿ ನಡೆದಿತ್ತು. ಮಾವ ಊಟಕ್ಕೆ ಕೂತಾಗ ಹೇಳಿದ್ದ: “ಕಲ್ಯಾಣದಾಗ ಆಡ್ತಿ, ಆಡು. ಹುಮನಾಬಾದಕ್ಕ ದಿನಾ ಬಸ್ ಹತ್ತೂದು ಆಗಂಗಿಲ್ಲವ್ವಾ. ನಿಮ್ಮಪ್ಪಗ ನಾ ಜವಾಬು ಕೊಡಬೇಕು.” ಕಲ್ಯಾಣ ನಾಗಮ್ಮನನ್ನು ಆರಿಸಿದರೆ ನನ್ನ ಪಾಲಿಗೆ ಹುಮನಾಬಾದ. ಅಂದರೆ ಆಟ ಬಂದ್.

ಇದನ್ನು ನಾನು ಹೇಳಿಕೊಂಡದ್ದು ನಾಗಮ್ಮನ ಮುಂದೆ ಮಾತ್ರ. ಅವಳಿಗೂ ಒಂದು ಆಸೆ ಇತ್ತು. ಅವಳ ಅಕ್ಕನನ್ನು ಹುಮನಾಬಾದಕ್ಕೆ ಕೊಟ್ಟಿದ್ದರು. ಆ ತಂಡ ಸೇರಿದರೆ ಬೇಸಿಗೆಯೆಲ್ಲ ಅಕ್ಕನ ಮನೆಯಲ್ಲಿ ಇರಬಹುದಿತ್ತು. ಆದರೆ ನಮ್ಮನ್ನು ಯಾರೂ ಕೇಳುವವರಿರಲಿಲ್ಲ.

ಆ ರವಿವಾರ ಆಯ್ಕೆ. ನಾಣ್ಯ ಚಿಮ್ಮಿದಾಗ ಕಲ್ಯಾಣದ ಕ್ಯಾಪ್ಟನ್ ರೇಷ್ಮಾ ಗೆದ್ದಳು, ಮೊದಲು ಆರಿಸುವ ಸರದಿ ಅವಳದಾಯಿತು. ನಾಗಮ್ಮನತ್ತ ಬೆರಳು ತೋರಿಸುವುದಷ್ಟೇ ಬಾಕಿ. ಆಗ ಸುಲೋಚನಾ ಅಕ್ಕೋರು ತಡೆದರು. ಅವರು ನಮ್ಮ ಆಟದ ಟೀಚರು. ಆ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತೇವೆ. ಇಬ್ಬರನ್ನು ನಿಲ್ಲಿಸಿ ಒಬ್ಬಳನ್ನು ಒಲ್ಲೆ ಎನ್ನುವುದು ಅವರಿಗೆ ಸರಿಕಾಣಲಿಲ್ಲ. ಲಗೋರಿಯಲ್ಲಿ ಗುಂಪು ಮಾಡುತ್ತೀರಲ್ಲ, ಹಾಗೆ ಮಾಡಿ ಎಂದರು.

ಲಗೋರಿಯ ಪದ್ಧತಿ ನಮಗೆಲ್ಲ ಗೊತ್ತಿದ್ದದ್ದೇ. ಇಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ ಗುಟ್ಟಾಗಿ ಒಂದೊಂದು ಹೆಸರು ಇಟ್ಟುಕೊಳ್ಳುವುದು. ತಿರುಗಿ ಬಂದು ‘ಸೂರ್ಯ ಬೇಕೋ, ಚಂದ್ರ ಬೇಕೋ’ ಎಂದು ಕೇಳುವುದು. ಕ್ಯಾಪ್ಟನ್ ಕೇಳಿದ ಹೆಸರು ಯಾರದೋ ಅವರು ಆ ಗುಂಪಿಗೆ.

ಕಟ್ಟೆಯ ಮೇಲೆ ಗದ್ದಲವಾಯಿತು. ತಂಡಕ್ಕೆ ಏನು ಬೇಕೆಂದು ತಿಳಿದೂ ಕಣ್ಣು ಮುಚ್ಚಿ ಆರಿಸುವುದು ಎಂಥ ನ್ಯಾಯ ಎಂದು ಶರಣಪ್ಪ ಕಾಕಾ ಎದ್ದು ನಿಂತರು. ಅಕ್ಕೋರು ಸೀಟಿ ಊದಿದರು.

ನಾವು ಬೇವಿನ ಗಿಡದ ಹಿಂದೆ ಹೋದೆವು. ನಾನು ಸೂರ್ಯ, ನೀನು ಚಂದ್ರ ಎಂದೆ. ನಾಗಮ್ಮ ತಲೆ ಅಲ್ಲಾಡಿಸಿದಳು.

“ನಾ ಹೆಸರು, ನೀ ಉದ್ದು.”

ಹೆಸರು, ಉದ್ದು ಎರಡೂ ನಮ್ಮ ಭಾಗದ ಮುಂಗಾರಿ ಬೆಳೆ. ನಮ್ಮ ಮನೆಯಲ್ಲೂ ಇದ್ದವು, ಅವಳ ಮನೆಯಲ್ಲೂ. ನನಗೆ ಕೂಡಲೇ ತಿಳಿಯಲಿಲ್ಲ. ಅವಳು ನನ್ನ ನೆತ್ತಿಯ ಮೇಲೆ ಕೈಯಿಟ್ಟು, ಆ ಕೈಯನ್ನು ನೇರ ತನ್ನ ಎದೆಗೆ ತಾಗಿಸಿ ಅಳತೆ ತೋರಿಸಿ ನಕ್ಕಳು. ಆಗ ತಿಳಿಯಿತು. ಯಾರ ಯೋಚನೆ ಎಂದು ಕೇಳಿದರೆ ಉತ್ತರ ಸ್ಪಷ್ಟ: ನಾಗಮ್ಮನದು.

ತಿರುಗಿ ಬಂದು ನಿಂತೆವು. ನಾಗಮ್ಮನೇ ಕೇಳಿದಳು: “ಹೆಸರು ಬೇಕೋ, ಉದ್ದು ಬೇಕೋ?”

ರೇಷ್ಮಾ ಅರೆಗಳಿಗೆಯೂ ತಡೆಯಲಿಲ್ಲ. ಎರಡು ವಾರದಿಂದ ಅವಳ ಕಿವಿಯಲ್ಲಿ ಉದ್ದ, ಉದ್ದ ಎಂಬುದೊಂದೇ ಮಾತು ಬಿದ್ದಿತ್ತು.

“ಉದ್ದು.”

ನಾನು ಒಂದು ಹೆಜ್ಜೆ ಮುಂದೆ ಬಂದೆ.

ಮೊದಲು ನಕ್ಕವರು ಚಾಂದಪಾಶಾ ಚಾಚಾ. ಶರಣಪ್ಪ ಕಾಕಾ ಇದು ಮೋಸ, ಇನ್ನೊಮ್ಮೆ ಆಗಲಿ ಎಂದರು. ರೇಷ್ಮಾಳ ಕಣ್ಣು ತುಂಬಿದ್ದವು. ಮೊದಲೇ ಮಾತಾಡಿಕೊಂಡು ಹೀಗೆ ಮಾಡಿದಿರಾ ಎಂದು ಅಕ್ಕೋರು ನಮ್ಮನ್ನೇ ಕೇಳಿದರು. ನಾಗಮ್ಮ ಕೈಕಟ್ಟಿ ನಿಂತಳು. “ನಮ್ಮ ಹೊಲದಾಗ ಬೆಳಿಯೂದ ಹೇಳೀವ್ರಿ ಅಕ್ಕೋರ.”

ಅಕ್ಕೋರು ಆಚೆ ಮುಖ ಮಾಡಿಕೊಂಡು ವಹಿಯಲ್ಲಿ ಬರೆದರು. ಕಲ್ಯಾಣ, ಹತ್ತು: ನಾನು.

ಮೂರು ವಾರ ಕಟ್ಟೆಯ ಮಾತು ನನ್ನ ಬಗ್ಗೆಯೇ ನಡೆಯಿತು. ರೇಷ್ಮಾ ನನಗೆ ಚೆಂಡು ಕೊಡುತ್ತಿರಲಿಲ್ಲ. ಕಸಿದುಕೊಂಡೇ ಆಡಬೇಕಾಯಿತು. ಆ ಅಭ್ಯಾಸದಿಂದ ಚೆಂಡು ಕಸಿಯುವುದು ನನಗೆ ಚೆನ್ನಾಗಿ ಬಂತು.

ಪಂದ್ಯದ ದಿನ ಮಾವ ತಾನೇ ನನ್ನ ಜೊತೆ ಬಸ್ ಹತ್ತಿದ. ಕಟ್ಟೆಯವರೂ ಅದೇ ಬಸ್ಸಿನಲ್ಲಿದ್ದರು. ಮೊದಲರ್ಧ ನಾನು ಹೊರಗೆ ಕೂತು ನೋಡಿದೆ. ಹುಮನಾಬಾದದವರು ಎಸೆದದ್ದೆಲ್ಲ ಮೇಲಿಂದ ಮೇಲೆ ನಾಗಮ್ಮನ ಕೈ ಸೇರುತ್ತಿತ್ತು, ಅವಳು ಅದನ್ನು ರಿಂಗಿಗೆ ಹಾಕುತ್ತಿದ್ದಳು. ಉದ್ದು ಬಿತ್ತಿದ್ದಕ್ಕೆ ಇದೇ ಫಸಲು ಎಂದು ಕಾಕಾ ಹಿಂದಿನಿಂದ ಎಲ್ಲರಿಗೂ ಕೇಳುವಂತೆ ಹೇಳಿದರು.

ದ್ವಿತೀಯಾರ್ಧಕ್ಕೆ ಅಕ್ಕೋರು ನನ್ನನ್ನು ಇಳಿಸಿದರು. ನಾಗಮ್ಮನ ತಲೆಯ ಮಟ್ಟದಲ್ಲಿ ನಾನು ಮಾಡುವುದೇನೂ ಇರಲಿಲ್ಲ. ಆದರೆ ಅವಳಿಗೆ ಹೋಗುವ ಚೆಂಡು ಮೊದಲು ಅವರ ಹುಡುಗಿಯರ ಸೊಂಟದ ಕೆಳಗೆ ಪುಟಿಯುತ್ತಿತ್ತು. ಅಲ್ಲಿ ನಾನಿದ್ದೆ. ಮೊದಲನೆಯದನ್ನು ಕಸಿದು ರೇಷ್ಮಾಗೆ ಕೊಟ್ಟೆ. ಎರಡನೆಯದನ್ನೂ. ಮೂರನೆಯ ಸಲ ರೇಷ್ಮಾ ತಾನಾಗಿಯೇ ನನ್ನತ್ತ ಚೆಂಡು ಎಸೆದಳು. ನಾಗಮ್ಮ ರಿಂಗಿನ ಬುಡದಲ್ಲಿ ಕೈಯೆತ್ತಿ ನಿಂತೇ ಇದ್ದಳು, ಆ ಕೈಗೆ ಚೆಂಡು ಬರಲಿಲ್ಲ. ನಾವು ಮೂರು ಅಂಕದಿಂದ ಗೆದ್ದೆವು.

ಮಾವ ನನ್ನ ಚೀಲ ಹಿಡಿದು ನಿಂತಿದ್ದ. ಶರಣಪ್ಪ ಕಾಕಾ ಹತ್ತಿರ ಬಂದರು. ನನ್ನತ್ತ ಬೆರಳು ಮಾಡಿ ಮಾವನನ್ನು ಕೇಳಿದರು:

“ಈಕಿ ಹೆಸರೇನ್ರಿ?”

ಮಾವ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ನಾಗಮ್ಮ ಹೇಳಿದಳು. “ಹೆಸರು ನಾನ್ರಿ ಕಾಕಾ. ಈಕಿ ಉದ್ದು.”

ಕಾಕಾ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ತಿರುಗಿ ಬರುವಾಗ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಕಂಡಕ್ಟರ್ ಟಿಕೆಟ್ ಕೇಳುತ್ತ ಬಂದಾಗ ಕಾಕಾ ತಮ್ಮ ಸೀಟು ಬಿಟ್ಟು ಎದ್ದರು. ನನ್ನನ್ನು ಅಲ್ಲಿ ಕೂರಿಸಿ, ತಾವು ಮೇಲಿನ ರಾಡ್ ಹಿಡಿದು ಕಲ್ಯಾಣದವರೆಗೂ ನಿಂತು ಬಂದರು.

ಈಗ ಆ ಕಟ್ಟೆ ಇಲ್ಲ. ಬೇವಿನ ಗಿಡ ಕಡಿದು ಅಲ್ಲಿ ಗಾಡಿ ನಿಲ್ಲಿಸುತ್ತಾರೆ. ಶರಣಪ್ಪ ಕಾಕಾ, ಚಾಂದಪಾಶಾ ಚಾಚಾ ಇಬ್ಬರೂ ತೀರಿಕೊಂಡಿದ್ದಾರೆ. ಒಂದು ರಿಂಗ್ ಉಳಿದಿದೆ, ಅದಕ್ಕೆ ಜಾಳಿಗೆ ಇಲ್ಲ. ಲಗೋರಿಯ ಗುಟ್ಟಿನ ಹೆಸರು ಶಿಬಿರದ ಮಕ್ಕಳಿಗೆ ಗೊತ್ತಿಲ್ಲ. ಆಯ್ಕೆಯ ಪಟ್ಟಿ ಹೆಸರು, ಊರು, ಎತ್ತರದ ಸಮೇತ ಫೋನಿಗೆ ಬರುತ್ತದೆ.

ನಾಗಮ್ಮ ಮದುವೆಯಾಗಿ ಹುಮನಾಬಾದದಲ್ಲೇ ಇದ್ದಾಳೆ. ಕಳೆದ ವಾರ ಅವಳು ಈ ಸಲದ ಪಟ್ಟಿಯ ಫೋಟೊ ಕಳಿಸಿದ್ದಳು. ಹುಮನಾಬಾದ ತಂಡದ ಹತ್ತನೆಯ ಆಟಗಾರ್ತಿ ಅವಳ ಮಗಳು. ಎತ್ತರ ನಾಲ್ಕು ಅಡಿ ಎಂಟು ಇಂಚು.