ಅಕ್ಕನ ರಕ್ತ, ಭಾವನ ರಕ್ತ

ಬಯೋಮೆಡಿಕಲ್ ಸೈನ್ಸ್ ಎಂಎಸ್ಸಿಯ ಕೊನೆಯ ವರ್ಷದಲ್ಲಿ ಪ್ರತಿಯೊಬ್ಬರೂ ಸ್ವಂತವಾಗಿ ಒಂದು ಸಂಶೋಧನಾ ಪ್ರಾಜೆಕ್ಟ್ ಮಾಡಬೇಕಿತ್ತು. ನಾನು ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತರೋಗವನ್ನು ಆರಿಸಿಕೊಂಡೆ. ದಾವಣಗೆರೆಯ ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ತಿಂಗಳು ತಿಂಗಳೂ ರಕ್ತ ಏರಿಸಿಕೊಳ್ಳಲು ಬರುವ, ಬಿಳಿಚಿಕೊಂಡು ಹೊಟ್ಟೆ ಉಬ್ಬಿದ ಮಕ್ಕಳನ್ನು ನೋಡಿದ್ದೆ. ಅವರ ತಂದೆತಾಯಿಗಳು ಗಟ್ಟಿಮುಟ್ಟಾಗಿಯೇ ಇದ್ದರು. ಆ ರೋಗದ ಅಂಶವನ್ನು ಹೊತ್ತವರಿಗೆ ತಮಗೇನೂ ಆಗುವುದಿಲ್ಲ. ಅಂಥ ಇಬ್ಬರು ಮದುವೆಯಾದರೆ ಮಾತ್ರ ಹುಟ್ಟುವ ಮಗುವಿಗೆ ರೋಗ ಬರಬಹುದು. ಈ ಅಂಶ ಹೊತ್ತವರನ್ನು ಸಾಮಾನ್ಯವಾದ, ಅಗ್ಗದ ರಕ್ತಪರೀಕ್ಷೆಯಿಂದಲೇ ಗುರುತಿಸಬಹುದೇ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕು. ಗೆಳತಿಯರು ಕೊಟ್ಟದ್ದು ಸಾಲಲಿಲ್ಲ, ಮನೆಯವರನ್ನು ಕೇಳಿದೆ. ಸೂಜಿ ಎಂದ ಕೂಡಲೇ ಅಪ್ಪ ಅಂಗಡಿಯ ಕಡೆ ನಡೆದರು. ಅಕ್ಕ ಒಪ್ಪಿದಳು. ಹರಿಹರದಿಂದ ಸೋದರಮಾವನ ಮಗನನ್ನೂ ಲ್ಯಾಬಿಗೆ ಕರೆಸಿದಳು. ಅವರಿಬ್ಬರ ಮದುವೆಯ ಮಾತು ಮುಗಿದಿತ್ತು. ನಾನಂತೂ ಅವರನ್ನು ಚಿಕ್ಕಂದಿನಿಂದಲೇ ಭಾವ ಎನ್ನುತ್ತಿದ್ದೆ. ಇಬ್ಬರೂ ಒಪ್ಪಿಗೆಗೆ ಸಹಿ ಹಾಕಿ, ರಕ್ತ ಕೊಟ್ಟು, ದೋಸೆ ತಿನ್ನಲು ಹೋದರು.

ಮರುದಿನ ಯಂತ್ರದ ಪರದೆಯ ಮೇಲೆ ಅಕ್ಕನ ಗ್ರಾಫ್ ಮೂಡಿದಾಗ, ತಗ್ಗಾಗಿರಬೇಕಾದ ಗೆರೆ ರೋಗದ ಅಂಶ ಹೊತ್ತವರಲ್ಲಿ ಏಳುವಂತೆ ಮೇಲೆದ್ದಿತ್ತು. ಸ್ಯಾಂಪಲ್ ಅದಲುಬದಲಾಗಿರಬೇಕೆಂದು ಮತ್ತೆ ಹಾಕಿದೆ. ಅದೇ ಬಂತು. ಭಾವನದನ್ನು ಹಾಕುವಾಗ ಒಳಗೊಳಗೇ ದೇವರನ್ನು ನೆನೆದೆ. ಅದೂ ಹಾಗೆಯೇ ಬಂತು.

ಪ್ರಾಜೆಕ್ಟಿನ ಗೈಡ್ ಮೇಡಂ ಎರಡೂ ಗ್ರಾಫುಗಳನ್ನು ನೋಡಿ ಕನ್ನಡಕ ತೆಗೆದಿಟ್ಟರು. "ಏನಾದ್ರೂ ಕಂಡ್ರೆ ಹೇಳ್ತೀವಿ ಅಂತ ಒಪ್ಪಿಗೆ ತಗೊಂಡೀವಿ, ಹೇಳ್ಲೇಬೇಕು. ಆದ್ರೆ ಒಬ್ರದ್ದು ಇನ್ನೊಬ್ರಿಗೆ ಹೇಳಂಗಿಲ್ಲ. ಆಸ್ಪತ್ರೆಯಾಗ ಮತ್ತೊಮ್ಮೆ ನೋಡ್ಸಿಕೊಳ್ಳಲಿ."

ಅಕ್ಕ ತಾರಸಿಯ ಮೇಲೆ ಸಂಡಿಗೆ ಒಣಹಾಕುತ್ತಿದ್ದಳು. ಅವಳ ರಕ್ತದಲ್ಲಿ ಕಂಡದ್ದನ್ನು ಹೇಳಿದೆ. ಸಂಡಿಗೆ ಹರಡುತ್ತಲೇ ಕೇಳಿಸಿಕೊಂಡಳು.

"ನಿಮ್ಮ ಭಾವಂದು?"

"ಅವರದ್ದು ಅವರಿಗೇ ಹೇಳ್ಬೇಕು ಅಕ್ಕ."

"ಅಂದ್ರೆ ಐತೆ ಅಂತಾಯ್ತು" ಎಂದಳು. ಇಲ್ಲದಿದ್ದರೆ ನಾನು ಇಲ್ಲ ಎಂದೇ ಬಿಡುತ್ತಿದ್ದೆನಲ್ಲ.

ಆಸ್ಪತ್ರೆಯ ಪರೀಕ್ಷೆಯೂ ಅದನ್ನೇ ಹೇಳಿತು. ವಿಷಯ ಹಿರಿಯರಿಗೆ ತಿಳಿದು, ಮಾಮ ಹರಿಹರದಿಂದ ಅಜ್ಜಿಯನ್ನೂ ಕರೆದುಕೊಂಡು ಬಂದರು. "ನಮ್ಮ ಹಿರೇರೆಲ್ಲ ಒಳಗೊಳಗೇ ಕೊಟ್ಟು ತಂದಾರೆ. ಯಾರಿಗೆ ಏನಾಗೈತೆ ಹೇಳು ನೋಡನ?" ಎಂದು ನನ್ನನ್ನೇ ಕೇಳಿದರು.

ಅವ್ವ ತನ್ನ ಅಣ್ಣನ ಎದುರು ತಲೆ ತಗ್ಗಿಸಿ ಕೂತಿದ್ದಳು. "ನಿನ್ನ ಓದಿಗೆ ನನ್ನ ಮಗಳ ರಕ್ತನೇ ಬೇಕಿತ್ತೇನು?" ಎಂದಳು.

ಆಗ ಅಜ್ಜಿ ಮೆಲ್ಲಗೆ, "ನನ್ನ ಎರಡನೇ ಕೂಸು ಬೆಳ್ಳಗಾಗ್ತಾ ಆಗ್ತಾ ಹೋತು. ಹೊಟ್ಟಿ ಅಷ್ಟು ದಪ್ಪಾಗಿತ್ತು. ದೃಷ್ಟಿ ಅಂದ್ರು. ಉಳೀಲಿಲ್ಲ" ಎಂದರು. ಮಾಮ ಅಜ್ಜಿಯ ಕಡೆ ತಿರುಗಿದರು. ತಮಗೆ ಒಡಹುಟ್ಟಿದ ಇನ್ನೊಂದು ಕೂಸಿತ್ತೆಂಬುದು ಅವರಿಗೂ ಅವತ್ತೇ ಗೊತ್ತಾಗಿದ್ದು.

ಮದುವೆ ನಿಲ್ಲಲಿಲ್ಲ. ಅಕ್ಕ, ಭಾವ ಇಬ್ಬರೂ ಡಾಕ್ಟರ ಬಳಿ ಕೂತು ಎಲ್ಲ ಕೇಳಿ ತಿಳಿದುಕೊಂಡರು. "ಗೊತ್ತಿದ್ದೇ ಆಗ್ತೀವಿ. ಬಸುರಾದಾಗ ಮೊದ್ಲೇ ನೋಡ್ಸಿದ್ರಾಯ್ತು" ಎಂದಳು ಅಕ್ಕ. ಮದುವೆಯ ಮನೆಯಲ್ಲಿ ಅವ್ವ ನನ್ನ ಕೈಗೆ ಆರತಿ ತಟ್ಟೆ ಕೊಡದೆ ಚಿಕ್ಕಮ್ಮನ ಮಗಳಿಗೆ ಕೊಟ್ಟಳು.

ಪ್ರಾಜೆಕ್ಟಿನಲ್ಲಿ ಆರೋಗ್ಯವಂತರ ಗುಂಪಿನಿಂದ ಅವರಿಬ್ಬರನ್ನು ಬಿಡಬೇಕಾಯಿತು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, "ಈ ಇಬ್ಬರನ್ನು ಯಾಕೆ ಕೈಬಿಟ್ರಿ?" ಎಂದರು. "ರೋಗದ ಅಂಶ ಕಂಡುಬಂತು ಸಾರ್" ಎಂದೆ. ಸರಿಯಾಗಿದೆ ಎಂದು ತಲೆಯಾಡಿಸಿ ಮುಂದಿನ ಪುಟ ತಿರುಗಿಸಿದರು.

ಆ ಹೊತ್ತಿಗೆ ಅಕ್ಕ ಬಸುರಿ. ಬೆಂಗಳೂರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದಳು. ಫಲಿತಾಂಶ ಬಂದಾಗ ಭಾವ ಫೋನು ಮಾಡಿದರು. ಮಗುವಿಗೆ ರೋಗವಿತ್ತು. ಅವರು ಆ ಬಸಿರನ್ನು ಮುಂದುವರಿಸಲಿಲ್ಲ.

ಹರಿಹರಕ್ಕೆ ಹೋದೆ. ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಪಕ್ಕದಲ್ಲಿ ಕೂತೆ. "ನೀನು ಹೇಳ್ದಿದ್ರೆ ಅದು ಹುಟ್ತಿತ್ತು" ಎಂದಳು. ಹೊದಿಕೆ ಎಳೆದುಕೊಂಡು, "ಹುಟ್ಟಿ ಏನು ಪಡ್ತಿತ್ತೋ" ಎಂದಳು. ಎರಡು ಮಾತಿನಲ್ಲಿ ಯಾವುದು ನನಗೆ ಹೇಳಿದ್ದು, ಯಾವುದು ತನಗೇ ಹೇಳಿಕೊಂಡದ್ದು ಎಂದು ಇಂದಿಗೂ ನನಗೆ ತಿಳಿಯದು. ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ಮಗುವಿನ ಮಾತನ್ನು ಅವರಿಬ್ಬರೂ ಸದ್ಯಕ್ಕೆ ಎತ್ತುವುದಿಲ್ಲ.

ಅವ್ವ ನನ್ನೊಂದಿಗೆ ಊಟಕ್ಕೆ ಕರೆಯುವಷ್ಟೇ ಮಾತಾಡುತ್ತಿದ್ದಳು. ಮೊನ್ನೆ ರೊಟ್ಟಿ ತಟ್ಟುತ್ತಾ, ಹೆಂಚಿನ ಮೇಲಿನ ಕಣ್ಣು ತೆಗೆಯದೆ, "ಮಾಮನ ಸಣ್ಣ ಮಗಳಿಗೆ ವರ ನೋಡಾಕತ್ತಾರೆ. ಮೊದ್ಲು ಹುಡುಗಿ ರಕ್ತ ನೋಡ್ಸಿ ಅಂತ ನಾನೇ ಅಂದೀನಿ" ಎಂದಳು. ರೊಟ್ಟಿ ತಿರುವಿ ಹಾಕಿ, "ನೀನೇ ಕರ್ಕೊಂಡು ಹೋಗ್ತೀಯೇನು?" ಎಂದು ಕೇಳಿದಳು.

ಹೋಗ್ತೀನವ್ವ ಎಂದೆ. ರೊಟ್ಟಿಯನ್ನು ತಟ್ಟೆಗೆ ಹಾಕಿ ನನ್ನ ಮುಂದಿಟ್ಟಳು.