ನೀರಿನ ಗಾಡಿಯ ಕೆಳಗೆ ಹೊಕ್ಕ ನಾಯಿ

ತಮ್ಮ ತೀರಿಕೊಂಡು ಹದಿನೈದು ದಿನ ಕಳೆದಿರಲಿಲ್ಲ, ಅವನ ಹೆಂಡತಿ ಫೋನ್ ಮಾಡಿದಳು. "ಅತ್ತಿಗೆ, ಈ ನಾಯೀನ ನೀವು ಕರ್ಕೊಂಡು ಹೋಗ್ತೀರಾ, ಇಲ್ಲಾ ರೋಡಿಗೆ ಬಿಟ್‌ಬಿಡ್ಲಾ?"

ನಾನೂ ತಮ್ಮನೂ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಅವನ ಮುಖ ಮತ್ತೆ ನೋಡಿದ್ದು ಆಸ್ಪತ್ರೆಯಲ್ಲಿ, ಬಿಳಿ ಬಟ್ಟೆ ಸರಿಸಿದಾಗ. ಅವನಿಗೆ ಹೇಳಬೇಕಾಗಿದ್ದ ಮಾತುಗಳೆಲ್ಲ ಹೇಳದೇ ಉಳಿದಿದ್ದವು. ಅವನ ನಾಯಿಯನ್ನಾದರೂ ನೋಡಿಕೊಂಡರೆ ಸ್ವಲ್ಪ ಹಗುರವಾದೀತು ಅನ್ನಿಸಿತು. ಹೊಸಕೆರೆಹಳ್ಳಿಯ ಅವನ ಮನೆಯಿಂದ ಜಯನಗರದ ನನ್ನ ಬಾಡಿಗೆ ಮನೆಗೆ ಅದು ಬಂದದ್ದು ಹಾಗೆ.

ಕಂದು ಬಣ್ಣದ ದೊಡ್ಡ ನಾಯಿ. ಒಂದು ಕಿವಿ ಹರಿದಿತ್ತು. ನಾನು ಪೊರಕೆ ಹಿಡಿದರೆ ಸಾಕು, ಮೂಲೆಗೆ ಸರಿದು ಹಲ್ಲು ತೋರಿಸುತ್ತಿತ್ತು. ಮೂರನೇ ದಿನಕ್ಕೆ ಕೆಲಸದವಳು, "ಅಕ್ಕಾ, ಅದಿರೋ ತನಕ ನಾನ್ ಬರಲ್ಲ" ಎಂದು ಹೋದಳು. ಮಹಡಿಯ ಮೇಲಿದ್ದ ಮನೆ ಮಾಲೀಕರು ಗೇಟಿನ ಹತ್ತಿರ ನಿಲ್ಲಿಸಿ, "ಇನ್ನೊಂದು ಕಂಪ್ಲೇಂಟ್ ಬಂದ್ರೆ ನೀವು ಬೇರೆ ಮನೆ ನೋಡ್ಕೋಬೇಕಾಗುತ್ತೆ ಮೇಡಂ" ಎಂದರು. ನಾಯಿ ಮಾತ್ರ ದಿನವಿಡೀ ನನಗೆ ಬೆನ್ನು ಹಾಕಿ ಬಾಗಿಲು ನೋಡುತ್ತ ಮಲಗಿರುತ್ತಿತ್ತು.

ರೇಬೀಸ್ ಇಂಜೆಕ್ಷನ್ನಿನ ಕಾರ್ಡ್ ಎಲ್ಲಿದೆ ಎಂದು ತಮ್ಮನ ಹೆಂಡತಿಯನ್ನು ಕೇಳಿದೆ. "ಅದೆಲ್ಲಾ ಅವ್ರೇ ನೋಡ್ಕೊಳ್ತಿದ್ರು, ನಂಗೇನ್ ಗೊತ್ತು?" ಎಂದಳು. ಡಾಕ್ಟರ್ ಹತ್ತಿರ ಕರೆದೊಯ್ಯಲು ಬಾಯಿಗೆ ಪಟ್ಟಿ ಕಟ್ಟಬೇಕಿತ್ತು. ಅದು ನನ್ನ ಕೈಯಲ್ಲಿ ಆಗಲಿಲ್ಲ. ಮುಂದಿನ ವಾರ ನೋಡೋಣ ಎಂದುಕೊಂಡೆ. ಹಾಗೆ ಎರಡು ತಿಂಗಳು ಕಳೆದೆ.

ಒಂದು ಭಾನುವಾರ ಬೆಳಿಗ್ಗೆ ಎಂಟರ ಸುಮಾರಿಗೆ ಅದನ್ನು ಕರೆದುಕೊಂಡು ಜೆ.ಪಿ. ನಗರ ಎರಡನೇ ಫೇಸ್ ಕಡೆ ನಡೆಯುತ್ತಿದ್ದೆ. ಅಲ್ಲೊಬ್ಬರು ಹಿರಿಯರು ಯಾರದೋ ಕಾಂಪೌಂಡಿನಿಂದ ಪೂಜೆಗೆ ಹೂವು ಕೀಳಲು ಉದ್ದನೆಯ ಕೋಲು ಎತ್ತಿದರು. ಅಷ್ಟೇ. ನಾಯಿ ಹಗ್ಗ ಕಿತ್ತುಕೊಂಡು ಓಡಿತು. ನನ್ನ ಅಂಗೈ ಸುಲಿದುಹೋಯಿತು. ಸ್ಕೂಟರೊಂದು ಕಿರ್ರೆಂದು ನಿಂತಿತು. ಕೂಸಿನ ಗಾಡಿ ತಳ್ಳಿಕೊಂಡು ಬರುತ್ತಿದ್ದ ಹೆಂಗಸು ಚೀರಿದಳು. ನಾಯಿ ಆಕೆಯತ್ತ ಒಮ್ಮೆ ಬೊಗಳಿ, ರಸ್ತೆ ಬದಿ ನಿಂತಿದ್ದ ನೀರಿನ ಕ್ಯಾನ್ ಸಾಗಿಸುವ ಗೂಡ್ಸ್ ಆಟೋ ಕೆಳಗೆ ಹೊಕ್ಕಿತು.

ಜನ ಸೇರಲು ಎರಡು ನಿಮಿಷ ಸಾಕಾಯಿತು. ಹೂವಿನ ಹಿರಿಯರು ಅದೇ ಕೋಲನ್ನು ಗಾಡಿಯ ಕೆಳಗೆ ತೂರಿಸಿ ತಿವಿಯುತ್ತಿದ್ದರು. "ಕಾರ್ಪೊರೇಷನ್ನಿಗೆ ಫೋನ್ ಮಾಡಿ, ಹಿಡ್ಕೊಂಡ್ ಹೋಗ್ಲಿ" ಎಂದ ಒಬ್ಬ. ಆ ಹೆಂಗಸು ನನ್ನ ಮುಖಕ್ಕೇ ಬಂದಳು. "ಇಂಜೆಕ್ಷನ್ ಆಗಿದ್ಯೇನ್ರೀ ಇದಕ್ಕೆ?"

"ಆಗಿದೆ. ಎಲ್ಲಾ ಆಗಿದೆ" ಎಂದೆ.

ಅಷ್ಟರಲ್ಲಿ ಗಾಡಿಯ ಡ್ರೈವರ್ ಎರಡೂ ಕೈಯಲ್ಲಿ ಖಾಲಿ ಕ್ಯಾನ್ ಹಿಡಿದು ಎದುರಿನ ಬಿಲ್ಡಿಂಗ್‌ನಿಂದ ಇಳಿದು ಬಂದ. ನಲವತ್ತು ದಾಟಿದ, ಗಿಡ್ಡನೆಯ ಮನುಷ್ಯ. ಬಗ್ಗಿ ಕೆಳಗೆ ನೋಡಿದ. "ಮೊದ್ಲು ಆ ಕೋಲು ತೆಗೀರಿ ಸಾರ್. ಅದಕ್ಕೆ ಹೆದರ್ಕೊಂಡೇ ಅದು ಕೂತಿರೋದು. ಎಲ್ರೂ ಸ್ವಲ್ಪ ಆ ಕಡೆ ಹೋಗಿ" ಎಂದ.

ಆಮೇಲೆ ಆತ ಮಾಡಿದ್ದನ್ನು ನಾನು ಯಾರಿಂದಲೂ ನಿರೀಕ್ಷಿಸಿರಲಿಲ್ಲ. ಟಾರ್ ರಸ್ತೆಯ ಮೇಲೆ ಅಂಗಾತ ಮಲಗಿ, ನಾಯಿಯ ಕಡೆ ನೋಡದೆ, ಗಾಡಿಯ ತಳ ನೋಡುತ್ತ ಮಾತಾಡತೊಡಗಿದ. "ನೋಡ್ ಮಗಾ, ಇನ್ನೂ ಹದಿನೆಂಟು ಕ್ಯಾನ್ ಹಾಕ್ಬೇಕು. ಮೂರನೇ ಫ್ಲೋರು, ಲಿಫ್ಟ್ ಬೇರೆ ಇಲ್ಲ. ನೀನ್ ಇಲ್ಲೇ ಕೂತ್ರೆ ಗಾಡಿ ಹೆಂಗ್ ತೆಗೀಲಿ ಹೇಳು?" ನೀರಿಗೆ ಕಾದವರ ಫೋನುಗಳು ಬರುತ್ತಲೇ ಇದ್ದವು. ಆತ ಮೊಬೈಲ್ ಸೈಲೆಂಟಿಗೆ ಹಾಕಿದ. ಮುಕ್ಕಾಲು ಗಂಟೆ ಹಾಗೇ ಕಳೆಯಿತು. ಜನ ಬೇಸತ್ತು ಒಬ್ಬೊಬ್ಬರೇ ಹೋದರು. ನಾಯಿ ಹೊಟ್ಟೆ ಎಳೆಯುತ್ತ ಮುಂದೆ ಬಂದು ಆತನ ಭುಜದ ಬಳಿ ಮೂತಿ ಇಟ್ಟಿತು. ನನ್ನ ಮನೆಯಲ್ಲಿ ಎರಡು ತಿಂಗಳಲ್ಲಿ ಅದು ಯಾರ ಹತ್ತಿರವೂ ಹಾಗೆ ಬಂದಿರಲಿಲ್ಲ.

ಆತ ಮೆಲ್ಲಗೆ ಹಗ್ಗ ಹಿಡಿದುಕೊಂಡ. ಅದೇ ಹೊತ್ತಿಗೆ ಪಕ್ಕದ ಅಂಗಡಿಯವನು ಷಟರ್ ಎತ್ತಿದ. ಧಡಾರ್ ಅಂದಿತು. ನಾಯಿ ಆತನ ಬಲಗೈ ಕಚ್ಚಿತು.

ಆತ ಹಗ್ಗ ಬಿಡಲಿಲ್ಲ. ಹೊಡೆಯಲಿಲ್ಲ. "ಏನೂ ಇಲ್ಲ ಮಗಾ, ಏನೂ ಆಗ್ಲಿಲ್ಲ" ಎಂದು ನಾಯಿಗೇ ಸಮಾಧಾನ ಹೇಳಿದ. ಆಮೇಲೆ ಅದನ್ನು ಗಾಡಿಯ ಹಿಂಬದಿಗೆ ಕಟ್ಟಿ, ಅಂಗಡಿಯಿಂದ ಸೋಪು ತರಿಸಿಕೊಂಡು, ತುಂಬಿದ ಕ್ಯಾನ್ ಒಂದರ ಸೀಲ್ ಒಡೆದು ಬಹಳ ಹೊತ್ತು ಕೈ ತೊಳೆದ. ಹೆಬ್ಬೆರಳಿನ ಬುಡದಲ್ಲಿ ಎರಡು ಆಳವಾದ ತೂತು.

"ಮೇಡಂ, ಇಂಜೆಕ್ಷನ್ ಆಗಿದೆ ತಾನೆ?"

ಆಗ ಅಲ್ಲಿ ಜನರಿರಲಿಲ್ಲ. ಕೋಲೂ ಇರಲಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು. ಅಂದರೆ ಮಾಲೀಕರ ಕಿವಿಗೆ ಬೀಳುತ್ತದೆ, ಕಾರ್ಪೊರೇಷನ್ನಿನವರು ನಾಯಿಯನ್ನು ಎತ್ತಿಕೊಂಡು ಹೋಗುತ್ತಾರೆ, ಇದೂ ನನ್ನ ಕೈತಪ್ಪುತ್ತದೆ ಅನ್ನುವುದಷ್ಟೇ ತಲೆಯಲ್ಲಿತ್ತು. "ಹೌದು, ಆಗಿದೆ" ಎಂದೆ.

ಆತ ನಮ್ಮಿಬ್ಬರನ್ನೂ ಗಾಡಿಯಲ್ಲೇ ಮನೆಗೆ ತಂದು ಬಿಟ್ಟ. ಒಳಗೆ ಬಂದು ಕಾಫಿ ಕುಡಿದು ಹೋಗಿ ಅನ್ನುವಷ್ಟು ಮರ್ಯಾದೆಯನ್ನೂ ನಾನು ತೋರಿಸಲಿಲ್ಲ. ಎಲ್ಲಿ ಕಾರ್ಡ್ ಕೇಳುತ್ತಾನೋ ಎಂಬ ಭಯ.

ಮಾರನೆಯ ದಿನ ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ದನಿ ಏರಿಸಿಯೇ ಮಾತಾಡಿದರು. "ನಾಯೀನ ಹತ್ತು ದಿನ ಕಟ್ಟಿಹಾಕಿ ನೋಡಿ, ಅದಾದ್ಮೇಲೆ ಅದರ ಇಂಜೆಕ್ಷನ್ನು. ಆದ್ರೆ ಕಚ್ಚಿಸ್ಕೊಂಡೋರು ಇವತ್ತೇ ಶುರು ಮಾಡ್ಬೇಕು. ಮೊದ್ಲು ಅವ್ರಿಗೆ ಹೇಳಿ."

ಗಾಡಿಯ ಮೇಲೆ ಬರೆದಿದ್ದ ನಂಬರ್ ನನಗೆ ನೆನಪಿತ್ತು. ಆದರೂ ಐದು ದಿನ ಫೋನ್ ಮಾಡಲಿಲ್ಲ. ಕಾಲೇಜಿನ ಲೈಬ್ರರಿಗೆ ಹೋದೆ, ಪುಸ್ತಕಗಳಿಗೆ ಮುದ್ರೆ ಒತ್ತಿದೆ, ಮನೆಗೆ ಬಂದು ನಾಯಿ ನೀರು ಕುಡಿಯುತ್ತದೋ ಇಲ್ಲವೋ ಎಂದು ನೋಡುತ್ತ ಕುಳಿತೆ. ಹುಚ್ಚು ಹಿಡಿದ ನಾಯಿ ನೀರು ಮುಟ್ಟುವುದಿಲ್ಲ ಎಂದು ಕೇಳಿದ್ದೆ. ಕುಡಿಯುತ್ತಿತ್ತು. ಕುಡಿದಾಗಲೆಲ್ಲ, ಸದ್ಯ, ಇನ್ನು ಹೇಳಬೇಕಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಒಬ್ಬ ಮನುಷ್ಯನ ಪ್ರಾಣ ಆ ನೀರಿನ ಬಟ್ಟಲಲ್ಲಿತ್ತು, ನಾನು ಲೆಕ್ಕಿಸಲಿಲ್ಲ.

ಶನಿವಾರ ತಡೆಯಲಾಗಲಿಲ್ಲ. ಆ ನಂಬರಿಗೆ ಫೋನ್ ಮಾಡಿದೆ. ನೀರಿನ ಅಂಗಡಿಯವರು, "ಅವ್ನು ಕೆಲ್ಸಕ್ಕೆ ಬರ್ತಿಲ್ಲ, ಕೈ ಊದಿದೆ" ಎಂದು ಸಿದ್ದಾಪುರದ ವಿಳಾಸ ಕೊಟ್ಟರು. ಹಣ್ಣು ಕಟ್ಟಿಸಿಕೊಂಡು ಹೋದೆ. ಸಣ್ಣ ಗಲ್ಲಿಯ ಮನೆ. ಆತ ಹೊರಗೆ ಬಂದ. ಕೈಗೆ ಬ್ಯಾಂಡೇಜು. ಬಾಗಿಲ ಹಿಂದೆ ಹೆಂಡತಿ ನಿಂತಿದ್ದಳು.

"ಅವತ್ತು ನಾನು ಸುಳ್ಳು ಹೇಳ್ದೆ. ಇಂಜೆಕ್ಷನ್ ಆಗಿದ್ಯೋ ಇಲ್ವೋ ನಂಗೊತ್ತಿಲ್ಲ" ಎಂದೆ.

"ಗೊತ್ತಾಯ್ತು ಮೇಡಂ" ಎಂದ. "ಹೌದು ಅನ್ನೋವಾಗ ನೀವು ನಾಯಿ ಕಡೆ ನೋಡ್ತಿದ್ರಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಶುರು ಮಾಡ್ಕೊಂಡೆ."

ಹೆಂಡತಿ ಮುಂದೆ ಬಂದಳು. "ಇವ್ರು ನಿಮ್ಮನ್ನ ನಂಬಿ ಸುಮ್ನೆ ಮನೇಲಿ ಕೂತಿದ್ರೆ? ನಂಗೆ ಇಬ್ರು ಹೆಣ್ಣುಮಕ್ಳು. ಓದ್ದೋರು ಅಂತೀರಾ ನಿಮ್ಮನ್ನ ನೀವು."

"ಬಿಡೇ" ಎಂದ ಆತ. ಆಮೇಲೆ ನನ್ನನ್ನು ಕೇಳಿದ: "ನಾಯಿ ಹೆಂಗಿದೆ? ಊಟ ಮಾಡ್ತಿದ್ಯಾ?"

"ಮಾಡ್ತಿದೆ."

"ಅದಕ್ಕೆ ಯಾರೋ ಕೋಲಲ್ಲಿ ಚೆನ್ನಾಗಿ ಹೊಡೆದಿದಾರೆ ಮೇಡಂ. ಪೊರಕೆ, ಛತ್ರಿ ಏನೂ ಅದರ ಎದುರಿಗೆ ಎತ್ಬೇಡಿ. ಹಗ್ಗಾನೂ ಗಿಡ್ಡ ಹಿಡೀಬೇಡಿ."

ತಮ್ಮನ ಮನೆಯಲ್ಲಿ ಅದನ್ನು ಹೊಡೆಯುತ್ತಿದ್ದವರು ಯಾರು? ತಮ್ಮನ ಹೆಂಡತಿಯೋ, ತಮ್ಮನೋ? ಕೇಳಲು ಅವನಿಲ್ಲ. ಅವಳನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಹಣ್ಣಿನ ಚೀಲವನ್ನು ಡ್ರೈವರನ ಹೆಂಡತಿ ಮುಟ್ಟಲಿಲ್ಲ. ಜಗಲಿಯ ಮೇಲಿಟ್ಟು ಬಂದೆ. ಗಲ್ಲಿಯ ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅದು ಅಲ್ಲೇ ಇತ್ತು, ಬಾಗಿಲು ಮುಚ್ಚಿತ್ತು.

ಹತ್ತು ದಿನ ಮುಗಿಯಿತು. ನಾಯಿಗೆ ಏನೂ ಆಗಲಿಲ್ಲ. ವೈದ್ಯರು ಮನೆಗೇ ಬಂದು, ಇಬ್ಬರು ಸಹಾಯಕರಿಂದ ಹಿಡಿಸಿಕೊಂಡು ಇಂಜೆಕ್ಷನ್ ಹಾಕಿದರು. ಅವರು ಬರೆದುಕೊಟ್ಟ ಕಾರ್ಡಿನ ಫೋಟೋ ತೆಗೆದು, ನೀರಿನ ಅಂಗಡಿಯವರಿಂದ ಡ್ರೈವರನ ನಂಬರ್ ಕೇಳಿ ಪಡೆದು ವಾಟ್ಸಾಪ್‌ನಲ್ಲಿ ಕಳಿಸಿದೆ. ನೋಡಿದ ಗುರುತು ಬಿತ್ತು. ಉತ್ತರ ಬರಲಿಲ್ಲ.

ಈಗ ಮನೆಯಲ್ಲಿ ಪೊರಕೆ ಎತ್ತುವುದಿಲ್ಲ, ಬಟ್ಟೆಯಲ್ಲೇ ನೆಲ ಒರೆಸುತ್ತೇನೆ. ನಾಯಿ ಒಮ್ಮೊಮ್ಮೆ ನನ್ನ ಕಡೆ ಮುಖ ಮಾಡಿಯೂ ಮಲಗುತ್ತದೆ. ಆತನ ಗಾಡಿ ಎರಡು ಸಲ ನಮ್ಮ ರಸ್ತೆಯಲ್ಲಿ ಕಂಡಿದೆ. ಎರಡು ಸಲವೂ ಆತ ಗಾಡಿ ನಿಧಾನ ಮಾಡಿ ನಾಯಿಯನ್ನು ನೋಡಿದ. ನನ್ನನ್ನು ನೋಡಲಿಲ್ಲ.

ಲೈಬ್ರರಿಯಲ್ಲಿ ಊಟದ ಹೊತ್ತಿಗೆ ಈ ಕಥೆ ಹೇಳಿದ್ದೇನೆ. ಆತ ರಸ್ತೆಯಲ್ಲಿ ಮಲಗಿದ್ದು, ನಾಯಿಯ ಜೊತೆ ಮಾತಾಡಿದ್ದು, ಕಚ್ಚಿಸಿಕೊಂಡರೂ ಹಗ್ಗ ಬಿಡದೇ ಇದ್ದದ್ದು. "ಈ ಕಾಲದಲ್ಲೂ ಇಂಥೋರು ಇದಾರಲ್ಲ" ಎಂದು ಜೊತೆಯವರು ಮೆಚ್ಚಿಕೊಳ್ಳುತ್ತಾರೆ. ಮುಂದಿನದನ್ನು ನಾನು ಹೇಳುವುದಿಲ್ಲ. ಡಬ್ಬಿ ತೊಳೆಯಲು ಎದ್ದು ಹೋಗುತ್ತೇನೆ.