ಎಲ್ಲರದೂ ಆಯ್ತಾ?

ಅವರ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಹುಣಿಸೆಬೀಜದಷ್ಟು ನುಣುಪಾದ ಕಂದು ಚರ್ಮ. ಉಪ್ಪಿನ ಮಡಿಗಳ ಕಡೆಯಿಂದ ಡಿಸೆಂಬರಿನ ಗಾಳಿ ಕೊರೆಯುವಾಗಲೂ ಅವರು ಕ್ಯಾಲಿಫೋರ್ನಿಯಾದ ನೆವಾರ್ಕಿನ ಮೈದಾನಕ್ಕೆ ಚಪ್ಪಲಿಯಲ್ಲೇ ಬರುತ್ತಿದ್ದರಿಂದ ಆ ಬೆರಳು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಬೇರೆಯವರು ನೋಡಿ ಸುಮ್ಮನಾಗುತ್ತಿದ್ದರು. ನನಗೆ ಸುಮ್ಮನಿರುವ ಅಭ್ಯಾಸವಿಲ್ಲ. ಪರಿಚಯವಾದ ಮೊದಲ ದಿನವೇ ಕೇಳಿಬಿಟ್ಟೆ.

“ಹಲಸೂರಲ್ಲಿ ಬರಿಗಾಲಲ್ಲೇ ಆಡ್ತಿದ್ವಿ ಕಣಮ್ಮ. ಎದುರು ಟೀಮಿನವನು ಬೂಟು ಹಾಕ್ಕೊಂಡು ಬಂದು ತುಳಿದ,” ಎಂದರು. ಆಮೇಲೆ ನಾನು ಎಲ್ಲಿ ಅಯ್ಯೋ ಅಂದುಬಿಡುತ್ತೇನೋ ಎಂದು ಬೇಗ ಸೇರಿಸಿದರು: “ಗೋಲು ಮಾತ್ರ ನಾನೇ ಹೊಡೆದಿದ್ದು.”

ನಾವೆಲ್ಲ ಅವರನ್ನು ಕೋಚು ಎಂದೇ ಕರೆಯುತ್ತಿದ್ದೆವು. ಬೆಂಗಳೂರಿನ ಹಲಸೂರಿನಲ್ಲಿ ಹುಟ್ಟಿ, ಫಿಟ್ಟರ್ ಕೆಲಸ ಕಲಿತು, ಗ್ಲಾಸ್ಗೋದಲ್ಲಿ ಹಡಗು ಕಟ್ಟುವ ಕಡೆ ಹನ್ನೆರಡು ವರ್ಷ ದುಡಿದು, ಆ ಕೆಲಸ ಕುಸಿದಾಗ ಅಮೆರಿಕಕ್ಕೆ ಬಂದವರು. ನೆವಾರ್ಕಿನ ಒಂದು ಮಶೀನ್ ಶಾಪಿನಲ್ಲಿ ಕೆಲಸ, ಅದರ ಹಿಂದಿನ ರಸ್ತೆಯಲ್ಲಿ ಒಂದು ಕೋಣೆಯ ಅಪಾರ್ಟ್‌ಮೆಂಟು. ಮದುವೆ ಯಾಕೆ ಆಗಲಿಲ್ಲ ಎಂದೂ ಕೇಳಿದ್ದೆ. “ಶನಿವಾರ ಪುರುಸೊತ್ತಿರಲಿಲ್ಲ,” ಎಂದರು. ಶನಿವಾರ ಎಂದರೆ ಫುಟ್‌ಬಾಲು.

ಆಗ ಎಂಬತ್ತರ ದಶಕದ ನಡುಭಾಗ. ಈ ಕಡೆ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಒಂದು ಯುಗಾದಿ ಊಟದಲ್ಲಿ ಮಕ್ಕಳೆಲ್ಲ ಟೀವಿಯ ಮುಂದೆ ಗೊಂಬೆಗಳಂತೆ ಕೂತಿದ್ದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ. ಮುಂದಿನ ವಾರವೇ ಒಂದು ತಂಡ ಕಟ್ಟಿದರು. ಗಂಡು, ಹೆಣ್ಣು, ದಪ್ಪ, ಸಣ್ಣ ಎಲ್ಲ ಸೇರಿ ಸರಿಯಾಗಿ ಹನ್ನೊಂದು ಮಕ್ಕಳು. ಒಬ್ಬರಿಗೆ ನೆಗಡಿಯಾದರೂ ಹತ್ತೇ ಜನ ಆಡಬೇಕು. ನನ್ನ ಮಗಳದು ಏಳನೇ ನಂಬರು.

ಈ ನಂಬರುಗಳನ್ನು ಅವರು ಕನ್ನಡದಲ್ಲೇ ಕೂಗುತ್ತಿದ್ದರು. “ಎರಡು, ಹಿಂದಕ್ಕೆ ಬಾ! ಒಂಬತ್ತು, ನಿದ್ದೆ ಮಾಡ್ತಿದ್ದೀಯೇನೋ?” ಎದುರು ತಂಡಕ್ಕೆ ತಿಳಿಯಬಾರದು ಎಂಬ ಉಪಾಯ. ನಾವು ತಂದೆತಾಯಿಗಳು ವರ್ಷಗಟ್ಟಲೆ ಬಡಿದುಕೊಂಡರೂ ಕನ್ನಡದಲ್ಲಿ ಐದರವರೆಗೆ ಎಣಿಸದಿದ್ದ ಮಕ್ಕಳು ಒಂದೇ ತಿಂಗಳಲ್ಲಿ ಹನ್ನೊಂದನ್ನು ಮುಟ್ಟಿದರು. ಹನ್ನೆರಡು ಇವತ್ತಿಗೂ ಅವರಲ್ಲಿ ಅರ್ಧ ಜನಕ್ಕೆ ಬರುವುದಿಲ್ಲ.

ಆ ಉಪಾಯವೇ ಒಮ್ಮೆ ಕೈಕೊಟ್ಟಿತು. ಪಂದ್ಯದ ಕೊನೆಯ ನಿಮಿಷಗಳು. ನಮ್ಮ ಗೋಲ್‌ಕೀಪರು, ಅಂದರೆ ‘ಒಂದು’ ಎಂಬ ದುಂಡುಮುಖದ ಹುಡುಗ, ಕೆಸರಲ್ಲಿ ಜಾರಿ ಬಿದ್ದ. ಕೋಚು ಗಂಟಲು ಹರಿಯುವಂತೆ “ಏಳು! ಏಳು!” ಎಂದು ಕೂಗಿದರು. ಬಿದ್ದವನು ಏಳಲಿಲ್ಲ. ಆ ತುದಿಯಲ್ಲಿ ಚೆಂಡನ್ನು ಕಾಲಿನಲ್ಲಿಟ್ಟುಕೊಂಡು ಗೋಲಿನ ಮುಂದೆ ನಿಂತಿದ್ದ ನನ್ನ ಮಗಳು ತನ್ನನ್ನೇ ಕರೆದರೆಂದು ಚೆಂಡು ಅಲ್ಲೇ ಬಿಟ್ಟು ಇಡೀ ಮೈದಾನ ದಾಟಿ ಓಡಿ ಬಂದಳು. “ಯೆಸ್, ಕೋಚು?” ಎಂದು ಏದುಸಿರು ಬಿಡುತ್ತ ನಿಂತಳು. ಅಷ್ಟರಲ್ಲಿ ಆ ಚೆಂಡು ನಮ್ಮ ಗೋಲಿನೊಳಗೇ ಹೊಕ್ಕಿತ್ತು.

ನನಗೋ ನಾಚಿಕೆ. ಅವರು ಮಾತ್ರ ನಕ್ಕು ನಕ್ಕು ಹುಲ್ಲಿನ ಮೇಲೆ ಕೂತೇಬಿಟ್ಟರು. “ತಪ್ಪು ನಿಂದಲ್ಲ ಪುಟ್ಟಿ, ನಂದೂ ಅಲ್ಲ. ಕನ್ನಡದ್ದು,” ಎಂದರು. ಆವತ್ತಿನಿಂದ ಬಿದ್ದವರಿಗೆ “ಎದ್ದೇಳು” ಎಂದು ಕೂಗಲು ಪ್ರಯತ್ನಪಟ್ಟರು, ಅವಸರದಲ್ಲಿ ಯಾವತ್ತೂ ನೆನಪಾಗಲಿಲ್ಲ.

ಪಂದ್ಯ ಮುಗಿದ ಮೇಲೆ ಊಟ. ಹುಲ್ಲಿನ ಮೇಲೆ ಉದ್ದಕ್ಕೆ ಹಳೆಯ ಬೆಡ್‌ಶೀಟು ಹಾಸಿ, ಕಾಗದದ ತಟ್ಟೆಗಳಲ್ಲಿ ಚಿತ್ರಾನ್ನ, ಕೋಸಂಬರಿ, ಮೊಸರನ್ನ. ಬಫೆ ಎಂದರೆ ಅವರಿಗಾಗದು. ಸಾಲಾಗಿ ಕೂರಬೇಕು, ಕೊನೆಯವರ ಊಟ ಮುಗಿಯುವವರೆಗೆ ಒಬ್ಬರೂ ಏಳಕೂಡದು. ಕೊನೆಯವನು ಯಾವಾಗಲೂ ಆ ‘ಒಂದು’. ಅವನು ಕೋಸಂಬರಿಯ ಒಂದೊಂದೇ ಬೇಳೆಯನ್ನು ಹೆಕ್ಕಿ ತಿನ್ನುವಾಗ ಇಪ್ಪತ್ತು ಜನ ಕೈ ಒಣಗಿಸಿಕೊಂಡು ಕಾಯಬೇಕಿತ್ತು. ಕೋಚು ಸಾಲಿನ ಈ ತುದಿಯಿಂದ ಬಗ್ಗಿ ನೋಡಿ, “ಎಲ್ಲರದೂ ಆಯ್ತಾ?” ಎನ್ನುವರು. ಮಕ್ಕಳು ಒಕ್ಕೊರಲಿನಿಂದ, “ನೋ ಕೋಚು, ಒಂದು ಸ್ಟಿಲ್ ಈಟಿಂಗ್!” ಎನ್ನುವರು. “ಹಾಗಾದ್ರೆ ಕೂತಿರೋಣ,” ಎಂದು ಅವರು ಮತ್ತೆ ಚಕ್ಕಳಮಕ್ಕಳ ಹಾಕುವರು.

ಆ ಕಾಯುವ ಹೊತ್ತಿನಲ್ಲೇ ದೊಡ್ಡ ವಾದ ನಡೆಯುತ್ತಿದ್ದದ್ದು. ಗ್ಲಾಸ್ಗೋದ ಗೆಳೆಯನೊಬ್ಬ ಅವರಿಗೆ ಅಲ್ಲಿಯ ಪತ್ರಿಕೆಗಳ ಕಟ್ಟು ಕಳಿಸುತ್ತಿದ್ದ. ಬರುವಷ್ಟರಲ್ಲಿ ಮೂರು ವಾರ ಹಳೆಯದಾಗಿರುತ್ತಿತ್ತು. ಅದರಲ್ಲಿ ಆಗಾಗ ಒಂದು ಚರ್ಚೆ: ಗ್ಲಾಸ್ಗೋದ ಎರಡು ದೊಡ್ಡ ತಂಡಗಳು, ಹಸಿರಂಗಿಯವರು ಮತ್ತು ನೀಲಿಯಂಗಿಯವರು, ಸ್ಕಾಟ್ಲೆಂಡಿನ ಲೀಗು ಬಿಟ್ಟು ಇಂಗ್ಲೆಂಡಿನ ಲೀಗಿಗೆ ಸೇರಬೇಕೋ ಬೇಡವೋ? ಕ್ಯಾಲಿಫೋರ್ನಿಯಾದಲ್ಲಿ ಮೊಸರನ್ನ ತಿನ್ನುತ್ತ ಕೂತ ನಮಗೆ ಅದರಿಂದ ಏನಾಗಬೇಕಿತ್ತೋ ದೇವರೇ ಬಲ್ಲ, ಆದರೆ ನಾವು ಪ್ರತಿ ಭಾನುವಾರ ಅದನ್ನು ತೀರ್ಮಾನಿಸುತ್ತಿದ್ದೆವು.

ನಮ್ಮವರು ಮೆನ್ಲೋ ಪಾರ್ಕಿನ ಒಂದು ಕಂಪನಿಯಲ್ಲಿ ಇಂಜಿನಿಯರು. ಅವರದು ನೇರ ಮಾತು. “ಹೋಗ್ಲಿ ಬಿಡಿ. ಅಷ್ಟು ದೊಡ್ಡ ತಂಡಗಳು ಸಣ್ಣ ಪುಟ್ಟ ಊರಿನವರ ಜೊತೆ ಆಡ್ಕೊಂಡು ಕೂತರೆ ಬೆಳೆಯೋದು ಹೇಗೆ? ಒಳ್ಳೇ ಕಾಂಪಿಟಿಷನ್ನು ಬೇಕಲ್ವಾ? ಎಷ್ಟು ವರ್ಷ ಅಂತ ಅವರಿಬ್ಬರೇ ಗೆಲ್ತಾ ಇರೋದು?”

“ಯಾರು ಸಾರ್ ಹೇಳಿದ್ದು ಅವರಿಬ್ಬರೇ ಅಂತ? ಈಚೆಗೆ ಸ್ಕಾಟ್ಲೆಂಡಿನದೇ ಉತ್ತರದ ಒಂದು ಕಡಲತೀರದ ಊರಿನವರು ಬಂದು ಇಬ್ಬರ ಮೂಗಿನ ಕೆಳಗಿಂದ ಕಪ್ಪು ಎತ್ಕೊಂಡು ಹೋಗ್ಲಿಲ್ವಾ?” ಎಂದರು ಕೋಚು.

ನನ್ನ ಕುತೂಹಲ ಬೇರೆ. “ಕೋಚು, ನೀವು ಹಸಿರೋ ನೀಲಿಯೋ?” ಎಂದು ಕೇಳಿದೆ. ಎರಡೂ ಅಲ್ಲವಂತೆ. ಗ್ಲಾಸ್ಗೋ ಪಕ್ಕದ ಒಂದು ಸಣ್ಣ ಊರಿನಲ್ಲಿ ಅವರ ಬಿಡಾರವಿತ್ತು, ಆ ಊರಿನ ತಂಡವೇ ಅವರ ತಂಡ. ಯಾವಾಗಲೂ ಸೋಲುವ ತಂಡ. “ಮೊದಲನೇ ಸಲ ಹೋದಾಗ ಚಳಿಗೆ ನಡುಗ್ತಿದ್ದೆ. ಪಕ್ಕದಲ್ಲಿದ್ದ ಮುದುಕ ಒಂದು ಲೋಟ ಬಿಸಿ ಸಾರು ಕೈಗಿಟ್ಟ. ನಮ್ಮಮ್ಮನ ಮೆಣಸಿನ ಸಾರೇ ಅನ್ನಿಸ್ತು. ಮೂರು ಶನಿವಾರ ಕುಡಿದ ಮೇಲೆ ಗೊತ್ತಾಯ್ತು, ಅದು ದನದ ಮಾಂಸದ್ದು ಅಂತ.”

“ಅಯ್ಯಯ್ಯೋ! ಆಮೇಲೆ?”

“ಆಮೇಲೇನು, ಸಾರು ಬಿಟ್ಟೆ. ತಂಡ ಬಿಡಕ್ಕಾಗ್ಲಿಲ್ಲ.”

ಆ ಊರಿಗೆ ದೊಡ್ಡ ತಂಡಗಳು ಬಂದು ಆಡುವ ದಿನ ಮಾತ್ರ ಮೈದಾನ ತುಂಬುತ್ತಿತ್ತಂತೆ. ಮಕ್ಕಳು ಅಪ್ಪಂದಿರ ಹೆಗಲೇರಿ ಬರುತ್ತಿದ್ದರಂತೆ. ಆ ದಿನಗಳ ಜನರಿಂದಲೇ ವರ್ಷವಿಡೀ ದೀಪ ಉರಿಯಬೇಕು, ಸೋರುವ ಮಾಡು ರಿಪೇರಿಯಾಗಬೇಕು. “ಅವರು ಹೋದರೆ ಇವರ ಗತಿ ಏನು ಸಾರ್? ಇದು ಪಂಕ್ತಿ ಇದ್ದ ಹಾಗೆ. ದೊಡ್ಡ ಎಲೆ ಹಾಕಿಸ್ಕೊಂಡವರು ತಮ್ಮದಾಯ್ತು ಅಂತ ಮಧ್ಯೆ ಎದ್ದುಬಿಟ್ಟರೆ ಮಿಕ್ಕವರು ತುತ್ತು ಎತ್ತೋದು ಹೇಗೆ?”

ನಮ್ಮವರು ತಮಾಷೆಗೇ ಅಂದರು, ಆದರೆ ಮಾತು ಚುಚ್ಚಿತು. “ಹಾಗೆ ನೋಡಿದರೆ ನೀವೂ ಹಲಸೂರಿಂದ ಎದ್ದಿರಿ, ಗ್ಲಾಸ್ಗೋದಿಂದ ಎದ್ದಿರಿ. ಎರಡು ಪಂಕ್ತಿ ಬಿಟ್ಟು ಬಂದೋರು ನೀವು.”

ನಾನು ನಮ್ಮವರನ್ನು ಕಣ್ಣಲ್ಲೇ ಸುಟ್ಟೆ. ಕೋಚು ತಟ್ಟೆಯ ಅಂಚನ್ನು ಮಡಿಸಿದರು. “ಹೌದು ಸಾರ್,” ಎಂದರು. “ಅದಕ್ಕೇ ಹೇಳ್ತಿರೋದು.”

ಈ ವಾದ ಹೀಗೇ ನಡೆಯುತ್ತಿದ್ದಾಗ, ಮಗಳಿಗೆ ಹನ್ನೊಂದು ತುಂಬಿದ ವರ್ಷ, ಲಾಸ್ ಆಲ್ಟೋಸ್‌ನ ಒಂದು ದೊಡ್ಡ ಕ್ಲಬ್ಬಿನಿಂದ ಕಾಗದ ಬಂತು. ಅವರ ಕಡೆಯವರೇ ಬಂದು ಅವಳ ಆಟ ನೋಡಿ ಹೋಗಿದ್ದರಂತೆ. ಅಲ್ಲಿ ಕಾರ್ಪೆಟ್ಟಿನಂಥ ಹುಲ್ಲು, ಮೂವರು ತರಬೇತುದಾರರು. ಅವಳಿಗೆ ಹೋಗಬೇಕು ಎಂಬ ಆಸೆ ಹೊಟ್ಟೆ ತುಂಬ. ಆದರೆ ಅವಳು ಹೊರಟರೆ ಇಲ್ಲಿ ಉಳಿಯುವುದು ಹತ್ತು ಮಕ್ಕಳು, ಹನ್ನೊಂದಿಲ್ಲದ ತಂಡವನ್ನು ಮುಂದಿನ ಸೀಸನ್ನಿಗೆ ಊರಿನ ಲೀಗು ಸೇರಿಸಿಕೊಳ್ಳುವುದಿಲ್ಲ. ಅಂದರೆ ಕೋಚು ಕಟ್ಟಿದ ತಂಡ ಮುಚ್ಚಿದ ಹಾಗೇ. “ಯು ಟೆಲ್ ಹಿಮ್, ಅಮ್ಮ,” ಎಂದು ಅವಳು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು.

ಹೋದೆ. ಕಾಗದ ಹಿಡಿದುಕೊಂಡು, ಅವರ ಒಂದು ಕೋಣೆಯ ಮನೆಗೆ. ಅವರು ಮೂರು ವಾರದ ಹಿಂದಿನ ಪತ್ರಿಕೆ ಹರಡಿಕೊಂಡು ಕೂತಿದ್ದರು. ಕಾಗದ ಓದಿದರು, ಮಡಿಸಿದರು, ಮತ್ತೆ ಬಿಚ್ಚಿ ಓದಿದರು.

“ಕಳಿಸಮ್ಮ,” ಎಂದರು.

ನನಗೆ ಸಮಾಧಾನವಾಗಬೇಕಿತ್ತು. ಬದಲಿಗೆ ಸಿಟ್ಟು ಬಂತು. “ಮತ್ತೆ ಎರಡು ವರ್ಷ ನಮ್ಮ ತಲೆ ತಿಂದ್ರಲ್ಲ, ಪಂಕ್ತಿ ಗಿಂಕ್ತಿ ಅಂತ!”

“ಅದು ಕ್ಲಬ್ಬಿನ ಮಾತು ಕಣಮ್ಮ. ನೂರು ವರ್ಷದ ಕ್ಲಬ್ಬು ಇನ್ನೇನು ಬೆಳೆಯೋದಿದೆ? ಮಗು ಬೆಳೀಬೇಕಲ್ಲ.” ಕಿಟಕಿಯ ಕಡೆ ತಿರುಗಿದರು. “ಇನ್ನೆರಡು ಮ್ಯಾಚಿದೆ. ಅದು ಮುಗಿಸ್ಕೊಂಡು ಏಳ್ಲಿ. ಅಷ್ಟು ಸಾಕು.”

ಅಷ್ಟಕ್ಕೇ ಬಿಡುವ ಜನ ಅವರಲ್ಲ. ಮಾರನೆಯ ದಿನ ನಮ್ಮ ಮನೆಯ ಫೋನಿನಿಂದಲೇ ಲಾಸ್ ಆಲ್ಟೋಸ್‌ನವರ ಜೊತೆ ಮಾತಾಡಿದರು. ಅವರ ಇಂಗ್ಲಿಷು ಅರ್ಧ ಹಲಸೂರಿನದು, ಅರ್ಧ ಗ್ಲಾಸ್ಗೋದ್ದು. ಆ ಕಡೆಯವನಿಗೆ ಒಂದಕ್ಷರವೂ ಅರ್ಥವಾಗದೆ ಎಲ್ಲದಕ್ಕೂ ಯೆಸ್ ಎಂದನೆಂದು ನನ್ನ ಗುಮಾನಿ. ಒಪ್ಪಂದ ಇಷ್ಟೇ: ವರ್ಷಕ್ಕೆ ಎರಡು ಸಲ ಅವರ ದೊಡ್ಡ ತಂಡ ಕೊಲ್ಲಿಯ ಮೇಲಿನ ಡಂಬಾರ್ಟನ್ ಸೇತುವೆ ದಾಟಿ ಬಂದು, ನೆವಾರ್ಕಿನ ನಮ್ಮ ಗುಂಡಿಬಿದ್ದ ಮೈದಾನದಲ್ಲಿ ಆಡಬೇಕು. ಆಡಿದ ಮೇಲೆ ಪಂಕ್ತಿಯಲ್ಲಿ ಕೂತು ಉಣ್ಣಬೇಕು.

ಮೊದಲ ಸಲ ಅವರು ಬೇಸಿಗೆಯಲ್ಲಿ ಬಂದರು. ನಮ್ಮ ಮಕ್ಕಳು ಹತ್ತೇ ಜನ ಆಡಿ ಚೆನ್ನಾಗಿ ಸೋತರು. ಆದರೆ ಹೊಳೆಯುವ ಅಂಗಿಗಳನ್ನು ನೋಡಲು ಅಕ್ಕಪಕ್ಕದ ಬೀದಿಗಳ ಮಕ್ಕಳೆಲ್ಲ ಬೇಲಿ ಹತ್ತಿದ್ದರು. ಅವರಲ್ಲಿ ನಾಲ್ವರು ಮುಂದಿನ ಭಾನುವಾರ ನಮ್ಮ ತಂಡಕ್ಕೆ ಸೇರಿದರು. ತಂಡ ಉಳಿಯಿತು. ಮನೆಯಲ್ಲಿ ಸ್ಪ್ಯಾನಿಷ್ ಆಡುವ ಮಕ್ಕಳು “ಮೂರು” ಎಂದರೆ ತಿರುಗಿ ನೋಡುವಂತಾದರು. ಏಳನೇ ನಂಬರನ್ನು ಮಾತ್ರ ಅವರು ಯಾರಿಗೂ ಕೊಡಲಿಲ್ಲ. ಯಾಕೆ ಎಂದೆ. “ಬಿದ್ದವನನ್ನ ಏಳು ಅಂದ್ರೆ ಗೊಂದಲ ಆಗುತ್ತಲ್ಲಮ್ಮ,” ಎಂದರು ಮುಖ ತಿರುಗಿಸಿ. ಆ ಸುಳ್ಳನ್ನು ನಾನು ಪ್ರಶ್ನಿಸದೆ ಬಿಟ್ಟೆ.

ಐದು ವರ್ಷಗಳ ಮೇಲೆ ಅವರಿಗೆ ಹೃದಯದ ಕಾಯಿಲೆ ಬಲಿತು ಆಸ್ಪತ್ರೆ ಸೇರಿದರು. ಮಗಳಿಗೆ ಆಗ ಹದಿನಾರು, ಲೈಸೆನ್ಸು ಸಿಕ್ಕಿ ವಾರವಾಗಿತ್ತಷ್ಟೆ. ಒಂದು ಮಧ್ಯಾಹ್ನ ಪ್ರಾಕ್ಟೀಸಿನಿಂದ ನೇರವಾಗಿ, ಒಬ್ಬಳೇ ಸೇತುವೆ ದಾಟಿ, ಮಣ್ಣು ಮೆತ್ತಿದ ಸಾಕ್ಸಿನಲ್ಲೇ ವಾರ್ಡಿಗೆ ಬಂದಳು. ಅವರ ಕಣ್ಣು ಮುಚ್ಚಿತ್ತು. ಹೊದಿಕೆಯ ಹೊರಗೆ ಆ ಉಗುರಿಲ್ಲದ ಬೆರಳು. ಅವಳು ಬಗ್ಗಿ, ತಾನು ಬಂದಿದ್ದೇನೆಂದು ತಿಳಿಸಲು, ಆ ಅಮೆರಿಕದ ನಾಲಿಗೆಯಲ್ಲಿ ಮೆಲ್ಲಗೆ ಹೇಳಿದಳು: “ಕೋಚು, ಏಳು.”

ಹಿರಿಯರಿಗೆ ಹಾಗನ್ನಬಾರದು, ಏಳಿ ಅನ್ನಬೇಕು ಎಂದು ತಿದ್ದಲು ನನ್ನ ಬಾಯಿ ತೆರೆಯಿತು. ಆಮೇಲೆ ಅವಳು ಹೇಳಿದ್ದು ಅದಲ್ಲ ಎಂದು ಹೊಳೆಯಿತು. ಕೋಚು ಕಣ್ಣು ತೆರೆಯಲಿಲ್ಲ. ತುಟಿ ಅಲುಗಿತು.

“ಎಲ್ಲರದೂ ಆಯ್ತಾ?”

ಮಗಳು ನನ್ನ ಕಡೆ ನೋಡಿದಳು. ಅವರ ಕೈ ಹಿಡಿದು, “ನೋ ಕೋಚು,” ಎಂದಳು. “ಒಂದು ಸ್ಟಿಲ್ ಈಟಿಂಗ್.”

“ಹಾಗಾದ್ರೆ ಕೂತಿರೋಣ,” ಎಂದರು.

ಇನ್ನೂ ನಾಲ್ಕು ದಿನ ಇದ್ದರು. ಹೋದ ಮೇಲೆ ಬಂದ ಪತ್ರಿಕೆಯ ಕಟ್ಟನ್ನು ನಾನೇ ಬಿಚ್ಚಿದೆ. ಅವರ ಸಣ್ಣ ತಂಡ ಎಂದಿನಂತೆ ಸೋತಿತ್ತು, ಇನ್ನೊಂದು ಪುಟದಲ್ಲಿ ಅದೇ ಹಳೆಯ ಚರ್ಚೆಯೂ ಇತ್ತು. ಫುಟ್‌ಬಾಲಿನ ಗಂಧಗಾಳಿ ಇಲ್ಲದ ನಾನು ಅಂದಿನಿಂದ ಇಂದಿನವರೆಗೆ ಅದೊಂದು ಸುದ್ದಿಯನ್ನು ಹುಡುಕಿ ಓದುತ್ತೇನೆ. ದೊಡ್ಡವರಿಬ್ಬರೂ ಇನ್ನೇನು ಹೊರಟೇಬಿಟ್ಟರು ಎಂದು ಕೆಲವು ವರ್ಷಗಳಿಗೊಮ್ಮೆ ಗುಲ್ಲೇಳುತ್ತದೆ, ಆಮೇಲೆ ತಣ್ಣಗಾಗುತ್ತದೆ. ಎದ್ದಿಲ್ಲ ಕೋಚು, ಇನ್ನೂ ಕೂತಿದ್ದಾರೆ.